ಫ್ರಾಕ್ಟಲ್ ಚಿತ್ರ ಮಳೆಗಾಲದ ಬೆಳಗಿನ ಥರ ಕಾಣಬೇಕು, ಬಣ್ಣ ಹೇಗೆ ಕೊಡಲಿ? ಅನುಭವ ಇದ್ದವರು ಹೇಳಿ

ಮಂಜುಮುಸುಕು: ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಕೇಯಾಸ್ (XaoS, ಎಕ್ಸ್ ಅಕ್ಷರದಿಂದ ಶುರುವಾಗುತ್ತಲ್ಲ, ಅದು) ಅನ್ನೋ ಸಾಫ್ಟ್‌ವೇರ್‌ನಲ್ಲಿ ಮ್ಯಾಂಡೆಲ್‌ಬ್ರಾಟ್ ಜೂಮ್ ಮಾಡ್ತಾ ಕೂತಿದ್ದೇನೆ. (ಗೊತ್ತಿಲ್ಲದವರಿಗೆ: ಫ್ರಾಕ್ಟಲ್ ಅಂದರೆ ಗಣಿತದ ಸೂತ್ರದಿಂದ ಹುಟ್ಟುವ ಚಿತ್ರ, ಜೂಮ್ ಮಾಡಿದಷ್ಟೂ ಹೊಸ ವಿವರ ಕಾಣುತ್ತೆ. ಮ್ಯಾಂಡೆಲ್‌ಬ್ರಾಟ್ ಅದರಲ್ಲಿ ಹೆಸರುವಾಸಿ.) ಅದರಲ್ಲಿ ಕಡಲಕುದುರೆ ಕಣಿವೆ ಅನ್ನೋ ಭಾಗದ ಹತ್ತಿರ ಒಂದು ಜಾಗ ಸಿಕ್ಕಿದೆ. ಬೆಟ್ಟದ ಸಾಲು, ನಡುವೆ ಹೊಳೆ ಇದ್ದ ಹಾಗೆ ಕಾಣುತ್ತೆ. ಆದರೆ ಬಣ್ಣ ಜಾತ್ರೆಯ ಬಳೆ ಅಂಗಡಿ! ಎಲ್ಲೂ ಇಲ್ಲದ ಊರಿನ ಮಳೆಗಾಲದ ಬೆಳಗು ಆಗಬೇಕು. ಅಕ್ಕನ ಗೃಹಪ್ರವೇಶಕ್ಕೆ 24x36 ಇಂಚು ಕ್ಯಾನ್ವಾಸ್ ಕೊಡುವ ಆಸೆ. ದುಡ್ಡು ಕೊಟ್ಟು ಅಲ್ಟ್ರಾ ಫ್ರಾಕ್ಟಲ್ ಸಾಫ್ಟ್‌ವೇರ್ ತಗೊಳ್ಳಲಾ, ಚಿತ್ರ ತಿದ್ದುವ ಗಿಂಪ್‌ನಲ್ಲೇ ಬಣ್ಣ ಬದಲಿಸಲಾ?

ಹಳೇ ಡಾಸ್: ನಾನು ಡಾಸ್‌ನ ಹಳೇ ಫ್ರಾಕ್ಟಲ್ ಪ್ರೋಗ್ರಾಂ ಫ್ರಾಕ್ಟಿಂಟ್ ಕಾಲದವನು. 256 ಬಣ್ಣ, ಅಷ್ಟೇ. 'ಸಿ' ಒತ್ತಿದರೆ ಬಣ್ಣಗಳು ಹೊಳೆ ಥರ ಹರಿಯುತ್ತಿದ್ದವು. ಪ್ಲಾಸ್ಮಾ ಅನ್ನೋ ಮೋಡದಂಥ ಚಿತ್ರ ಮಾಡಿ, ಅದನ್ನೇ 3ಡಿಗೆ ಹಾಕಿದರೆ ಬೆಟ್ಟ ಏಳುತ್ತಿತ್ತು. ಎಲ್ಲಿ ಬಣ್ಣದ ಸಂಖ್ಯೆ ಜಾಸ್ತಿಯೋ ಅಲ್ಲಿ ಎತ್ತರ. ಮೊದಲ ಬೆಟ್ಟ ಎದ್ದ ರಾತ್ರಿ ಮನೆಯವಳನ್ನು ಎಬ್ಬಿಸಿ ತೋರಿಸಿದೆ. "ಕಸೂತಿ ಡಿಸೈನಾ?" ಅಂದಳು. ಅವಳು ಧಾರವಾಡದವಳು. ಇವತ್ತಿನವರೆಗೆ ಈ ಹವ್ಯಾಸಕ್ಕೆ ಒಂದು ರೂಪಾಯಿ ಖರ್ಚು ಮಾಡಿಲ್ಲ. ನೀವೂ ಮಾಡಬೇಡಿ. ಬಣ್ಣ ಪಟ್ಟಿ ಪಟ್ಟಿಯಾಗಿ ಬಂದರೆ ಬಿಡಿ. ಅದು ಗುಡ್ಡದ ಮೇಲಿನ ಗದ್ದೆಯ ಬದು ಅಂದುಕೊಳ್ಳಿ.

ಶಾಯಿಸಾಲ: ಬದು ಅಂತೆ ಬದು. ಸರ್, ಬೇಜಾರಾಗಬೇಡಿ, ಪರದೆಯ ಮೇಲೆ ನೋಡುವವರಿಗೆ ಅದು ಬದು. ಮೂರಡಿ ಕ್ಯಾನ್ವಾಸ್‌ನಲ್ಲಿ ಅದು ತಪ್ಪು. ನಾನು ದುಡ್ಡು ಕೊಟ್ಟು ಕಲಿತವನು, ಲೆಕ್ಕ ಹೇಳ್ತೀನಿ ಕೇಳಿ. 24x36 ಇಂಚು, 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ 7200x10800. ಏಳೂಮುಕ್ಕಾಲು ಕೋಟಿ ಪಿಕ್ಸೆಲ್. ಅಂಚು ನಯವಾಗಲಿ ಅಂತ ಒಂದೊಂದು ಪಿಕ್ಸೆಲ್‌ಗೆ 3x3 ಸಲ ಲೆಕ್ಕ ಹಾಕಿಸಿದರೆ ಸುಮಾರು 70 ಕೋಟಿ. ನನ್ನ ಲ್ಯಾಪ್‌ಟಾಪ್ 19 ಗಂಟೆ ಕೂಗಿತು. ಮೊದಲ ಪ್ರಿಂಟ್ 2,800 ರೂಪಾಯಿ. ಪರದೆಯಲ್ಲಿ ನವಿಲಿನ ಕತ್ತಿನ ಹಾಗಿದ್ದ ನೀಲಿ, ಕ್ಯಾನ್ವಾಸ್‌ನಲ್ಲಿ ಒಗೆದು ಒಗೆದು ಮಾಸಿದ ಲುಂಗಿ. ಅಂಗಡಿಯವನು "ಆ ನೀಲಿ ಶಾಯಿಯಲ್ಲಿ ಬರೋದೇ ಇಲ್ಲ ಸರ್" ಅಂದ. ಮೊದಲೇ ಹೇಳಬಾರದಿತ್ತಾ? ಎರಡನೆಯದು ಮತ್ತೆ 2,800. ಬಣ್ಣ ಸರಿ, ಆದರೆ ಇಡೀ ಚಿತ್ರ ಕತ್ತಲು. ಮಾನಿಟರ್ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಬಣ್ಣ ಹಾಕಿದ್ದೆ! ಮೂರನೇ ಸಲ ಬುದ್ಧಿ ಬಂತು. ಚಿತ್ರದ ಒಂದು ತುಂಡನ್ನು 150 ರೂಪಾಯಿಗೆ ಚಿಕ್ಕದಾಗಿ ಹಾಕಿಸಿ ನೋಡಿ, ಆಮೇಲೆ ದೊಡ್ಡದು ಹಾಕಿಸಿದೆ, ಮತ್ತೆ 2,800. ಚೌಕಟ್ಟಿಗೆ 1,900 ಬೇರೆ. ಒಟ್ಟು 10,450. ಅದೀಗ ಮಂಚದ ಕೆಳಗಿದೆ.

ಹಳೇ ಡಾಸ್: 2,800x3 + 150 + 1,900. ಲೆಕ್ಕ ಸರಿ ಇದೆ, ಖರ್ಚು ಮಾತ್ರ ತಪ್ಪು.

ಶಾಯಿಸಾಲ: ನಿಮಗೆ ಪ್ರಿಂಟ್ ಹಾಕಿಸಿ ಗೊತ್ತಿಲ್ಲ, ಸುಮ್ನೆ ಮಾತಾಡಬೇಡಿ.

ತಿರುಗುಬಣ್ಣ: ಇಬ್ಬರೂ ಪ್ರಶ್ನೆ ಓದಿಲ್ಲ ಅನ್ಸುತ್ತೆ. ನಾನು ಅಲ್ಟ್ರಾ ಫ್ರಾಕ್ಟಲ್ ಕೊಂಡವಳು, ಪಶ್ಚಾತ್ತಾಪ ಇಲ್ಲ. ಆದರೆ ಮೊದಲ ಮೂರು ತಿಂಗಳು ಅತ್ತಿದ್ದೇನೆ. ಮಂಜಿಗೆ ಅಂತ ತಿಳಿ ಬೂದು, ಕಾಡಿಗೆ ಕಡು ಹಸಿರು ಇಟ್ಟೆ. ಚಿತ್ರದ ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ ಬಂತು. ನಾಲ್ಕು ದಿನ ಸೂತ್ರ ತಿದ್ದಿದೆ. ಸೂತ್ರದ ತಪ್ಪಲ್ಲ. ಬಣ್ಣಗಳನ್ನು ಸಾಲಾಗಿ ಇಡುವ ಪಟ್ಟಿ (ಗ್ರೇಡಿಯಂಟ್) ಬಳೆ ಇದ್ದ ಹಾಗೆ, ಮುಗಿದಲ್ಲಿಂದ ಮತ್ತೆ ಶುರು. ಕೊನೆಯ ಬಣ್ಣ ಮೊದಲನೆಯದಕ್ಕೆ ಕೂಡದಿದ್ದರೆ ಗೆರೆ ಬೀಳುತ್ತೆ. ಇನ್ನೊಂದು ಗೋಳು, ಅಂಚಿಗೆ ಹೋದಷ್ಟೂ ಬಣ್ಣ ದಟ್ಟವಾಗಿ ಸುತ್ತಿ ಜರಿ ಚೆಲ್ಲಿದ ಹಾಗೆ ಮಿನುಗುತ್ತೆ. ಬೆಟ್ಟ ಅಲ್ಲ, ಮದುವೆ ಸೀರೆ. ಬಣ್ಣ ಹಂಚುವ ರೀತಿಯಲ್ಲಿ ಲೀನಿಯರ್ (ಒಂದೇ ವೇಗ) ಬಿಟ್ಟು ಲಾಗ್ (ಅಂಚಿಗೆ ಹೋದಷ್ಟೂ ನಿಧಾನ) ಆರಿಸಿದಾಗ ಜರಿ ಇಳಿಯಿತು. ಆಮೇಲೆ ಬಣ್ಣ ನಾಲ್ಕಕ್ಕೆ ಇಳಿಸಿದೆ. ದೂರದ್ದು ತಿಳಿ, ಹತ್ತಿರದ್ದು ಕಡು. ಮಂಜು ತಾನಾಗಿ ಬಂತು.

ಉರಿಬತ್ತಿ: ಮ್ಯಾಂಡೆಲ್‌ಬ್ರಾಟ್‌ನಲ್ಲಿ ಎಷ್ಟು ಒದ್ದಾಡಿದರೂ ಮಂಜು ಬರಲ್ಲ. ಮಂಜು ಬೇಕಂದರೆ ಫ್ಲೇಮ್ ಮಾಡಿ, ಅದು ಹೊಗೆ ಥರ ಮೃದುವಾಗಿ ಬರುವ ಇನ್ನೊಂದು ಬಗೆಯ ಫ್ರಾಕ್ಟಲ್. ಅಪೊಫಿಸಿಸ್‌ನಲ್ಲಿ ಶುರು ಮಾಡಿದೆ, ಈಗ ಜೆವೈಲ್ಡ್‌ಫೈರ್. ಎರಡೂ ಬಿಟ್ಟಿ. ಒಂದು ಸಲ ರಾತ್ರಿಯಿಡೀ ರೆಂಡರ್‌ಗೆ (ಚಿತ್ರ ಪೂರ್ತಿ ಲೆಕ್ಕ ಹಾಕಿ ತೆಗೆಯೋಕೆ) ಬಿಟ್ಟು ಮಲಗಿದೆ. ಬೆಳಗ್ಗೆ ಐದಕ್ಕೆ ಕರೆಂಟ್ ಹೋಯ್ತು. ಇನ್ನು 40 ನಿಮಿಷ ಬಾಕಿ ಇತ್ತು. ನಿಂತಲ್ಲಿಂದ ಮುಂದುವರಿಸೋಣ ಅಂದರೆ ಆಗಲಿಲ್ಲ, ಮೊದಲಿಂದ ಶುರು. ಯುಪಿಎಸ್‌ಗೆ 6,500 ಕೊಟ್ಟೆ. ಬಿಟ್ಟಿ ಸಾಫ್ಟ್‌ವೇರ್ ಅಂದೆನಲ್ಲ, ಹ್ಞಾಂ.

ತಿರುಗುಬಣ್ಣ: "ಮಂಜು ಬರಲ್ಲ" ಅಂದರೇನು? ಈಗಷ್ಟೇ ಬಂತು ಅಂದೆನಲ್ಲ! ನಿಮ್ಮ ಫ್ಲೇಮ್‌ಗಳು ಎಲ್ಲವೂ ಊದುಬತ್ತಿ ಹೊಗೆ. ಬೆಟ್ಟ ಅಂದರೆ ಬೆಟ್ಟದ ಅಂಚು ಕಾಣಬೇಕು ಅಲ್ವಾ?

ಉರಿಬತ್ತಿ: ಆಗುಂಬೆಯಲ್ಲಿ ಜುಲೈನಲ್ಲಿ ನಿಂತು ನೋಡಿ ಮೇಡಂ, ಯಾವ ಅಂಚು ಕಾಣುತ್ತೆ ಅಂತ.

ತಿರುಗುಬಣ್ಣ: ನಾನು ಹುಟ್ಟಿದ್ದೇ ತೀರ್ಥಹಳ್ಳಿಯಲ್ಲಿ. ಹತ್ತಿರದ ಅಡಿಕೆ ಮರ ಮಸಿ ಕಪ್ಪು ಕಾಣುತ್ತೆ, ಮಂಜು ಅದರ ಹಿಂದೆ.

ಹೊಸಬ: ಇಷ್ಟೆಲ್ಲ ಯಾಕೆ, ಎಐಗೆ "ಮಲೆನಾಡು, ಮಂಜು, ಫ್ರಾಕ್ಟಲ್" ಅಂದರೆ ಹತ್ತು ಸೆಕೆಂಡಲ್ಲಿ ಕೊಡುತ್ತಲ್ಲ?

ಹಳೇ ಡಾಸ್: ಗೃಹಪ್ರವೇಶದ ಊಟವನ್ನೂ ಅದೇ ಬಡಿಸುತ್ತಾ ಕೇಳಪ್ಪ.

ಶಾಯಿಸಾಲ: ಮೊದಲನೇ ಸಲ ಡಾಸ್ ಸರ್ ಮಾತು ಒಪ್ಪಿದೆ. ಆದರೂ ಪಟ್ಟಿ ಬದು ಅಲ್ಲ.

ಹಳೇ ಡಾಸ್: ಬದುವೇ. ಮ್ಯಾಂಡೆಲ್‌ಬ್ರಾಟ್ ಮೇಲೆ ಕೆಳಗೆ ಕನ್ನಡಿ ಹಿಡಿದ ಹಾಗೆ ಒಂದೇ. ನಡುಗೆರೆ ಮೇಲೆ ಚೌಕಟ್ಟು ಇಟ್ಟು, ಕೆಳಗಿನ ಅರ್ಧ ಸ್ವಲ್ಪ ಕಪ್ಪಗೆ ಮಾಡಿದೆ. ಕೆರೆಯಲ್ಲಿ ಗದ್ದೆಯ ನೆರಳು ಬಿತ್ತು. ಪಟ್ಟಿ ಇಲ್ಲದಿದ್ದರೆ ಆ ನೆರಳು ಎಲ್ಲಿಂದ ಬರುತ್ತಿತ್ತು?

ಮಂಜುಮುಸುಕು: ಎಲ್ಲರಿಗೂ ಧನ್ಯವಾದ. ಹಾಗಾದರೆ ಗಿಂಪ್‌ನಲ್ಲಿ ಗ್ರೇಡಿಯಂಟ್ ಮ್ಯಾಪ್ (ಇರುವ ಚಿತ್ರಕ್ಕೆ ಬೇರೆ ಬಣ್ಣದ ಸಾಲು ಹೊದಿಸೋದು) ಹಾಕಿದರೆ ಸಾಕಾ? ನನ್ನ ಚಿತ್ರ 1366x768 ಇದೆ.

ತಿರುಗುಬಣ್ಣ: ಅದನ್ನು ಮೂರಡಿಗೆ ಹಿಗ್ಗಿಸೋಕಾಗಲ್ಲ. ಗ್ರೇಡಿಯಂಟ್ ಮ್ಯಾಪ್ ಬೆಳಕು ಕತ್ತಲನ್ನಷ್ಟೇ ನೋಡುತ್ತೆ. ಅಷ್ಟೇ ಬೆಳಕಿರುವ ಕೆಂಪು, ಹಸಿರು ಎರಡಕ್ಕೂ ಒಂದೇ ಬಣ್ಣ ಬರುತ್ತೆ. ಅದೇ ಜಾಗಕ್ಕೆ ಹೋಗಿ ದೊಡ್ಡದಾಗಿ ಮತ್ತೆ ತೆಗೆಯಿರಿ. ಆ ಜಾಗ ಸೇವ್ ಮಾಡಿದ್ದೀರಲ್ಲ, ಎಕ್ಸ್‌ಪಿಎಫ್ ಫೈಲ್?

ಮಂಜುಮುಸುಕು: ಪಿಎನ್‌ಜಿ ಚಿತ್ರ ಮಾತ್ರ ಇದೆ.

ಉರಿಬತ್ತಿ: ಅಯ್ಯೋ ಪಾಪ.

ಶಾಯಿಸಾಲ: ಗೃಹಪ್ರವೇಶ ಯಾವಾಗ?