ಅಪ್‌ಡೇಟ್: ಕೆನಾಲ್ ಡ್ಯು ಮಿದಿಗೆ ಎಂಥ ಟೈರ್?

ದಕ್ಷಿಣ ಫ್ರಾನ್ಸಿನ ಟುಲೂಸ್‌ನಿಂದ ಸೆಟ್‌ವರೆಗೆ ಕೆನಾಲ್ ಡ್ಯು ಮಿದಿ ಅನ್ನೋ ಕಾಲುವೆ ದಂಡೆ ಹಿಡಿದು ಸೈಕಲ್‌ನಲ್ಲಿ ಹೋಗೋಕೆ ಎಷ್ಟು ಅಗಲದ ಟೈರ್ ಬೇಕು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. 40 ಮಿ.ಮೀ. ಅಂದವರಿಗೆ ದೊಡ್ಡ ನಮಸ್ಕಾರ!

ಟುಲೂಸ್ ಬಿಟ್ಟ ಮೇಲೆ ಸುಮಾರು 50 ಕಿ.ಮೀ. ಡಾಂಬರು, ಯಾವ ಸೈಕಲ್ ಆದ್ರೂ ನಡೆಯುತ್ತೆ. ಓದ್ ಜಿಲ್ಲೆ ಶುರುವಾಯ್ತೋ, ಜಲ್ಲಿ, ಮಣ್ಣು, ಅಲ್ಲಲ್ಲಿ ಬರೀ ಕಾಲುದಾರಿ. ಜಲ್ಲಿಗಿಂತ ಕಾಡಿದ್ದು ದಂಡೆಯಲ್ಲಿರೋ ಪ್ಲೇನ್ ಅನ್ನೋ ಜಾತಿಯ ನೆರಳಿನ ಮರಗಳ ಬೇರು. ನೆರಳಲ್ಲಿ ಕಾಣೋದೇ ಇಲ್ಲ, ಚಕ್ರ ಹತ್ತಿದಾಗಲೇ ಗೊತ್ತಾಗೋದು. ಟೈರಿನ ಗಾಳಿ ಸ್ವಲ್ಪ ಇಳಿಸಿದೆ, ಮಣಿಕಟ್ಟಿನ ನೋವು ತಗ್ಗಿತು. ಈ ಮರಗಳಿಗೆ ಶಿಲೀಂಧ್ರ ರೋಗ ಬಂದು ಸಾವಿರಾರು ಕಡಿದಿದ್ದಾರೆ. ಆ ಬೋಳು ಭಾಗಗಳಲ್ಲಿ ಬಿಸಿಲು ನೆತ್ತಿ ಸುಡುತ್ತೆ, ನೀರು ಜಾಸ್ತಿ ಇಟ್ಟುಕೊಳ್ಳಿ.

ಬೆಝಿಯೆ ಹತ್ತಿರದ ಫೋನ್ಸೆರಾನ್‌ನಲ್ಲಿ ಮಾತ್ರ ಅವಸರ ಬೇಡ. 1681ರಲ್ಲಿ ಮುಗಿದ ಕಾಲುವೆ ಇದು. ದೋಣಿಗಳು ಲಾಕ್‌ನಿಂದ ಲಾಕ್‌ಗೆ (ನೀರಿನ ಮಟ್ಟ ಏರಿಸಿ ಇಳಿಸೋ ಗೇಟಿನ ತೊಟ್ಟಿ) ಮೆಟ್ಟಿಲಿಳಿಯೋದನ್ನ ನೋಡ್ತಾ ನಿಂತು ಊಟದ ಹೊತ್ತೇ ಮೀರಿಹೋಯ್ತು.