ಕಡಲಿನಲ್ಲಿ ಸಿಗ್ನಲ್ ಇಲ್ಲ, ಸಂದೇಶ ಎಲ್ಲಿ ಕಾಯಬೇಕು?

ಪ್ರಶ್ನೆ: ಸರ್, ಉಡುಪಿಯ ನಾವು ಮೂವರು ಸೇರಿ ಮಲ್ಪೆಯ ಕೆಲವು ಬೋಟ್ ಮಾಲೀಕರಿಗಾಗಿ ಆ್ಯಪ್ ಮಾಡುತ್ತಿದ್ದೇವೆ. ಹರಾಜಿನ ಬಂಗುಡೆ, ಬೂತಾಯಿ ದರ ಬೋಟಿಗೆ ತಲುಪಬೇಕು, ಬೋಟಿನವರು ಐಸ್ ಬೇಕೆಂದರೆ ಅದು ದಡಕ್ಕೆ ಬರಬೇಕು. ಈಗ ಪ್ರತಿಯೊಂದು ಫೋನೂ 10 ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತದೆ. ದೂರ ಹೋದರೆ ಸಿಗ್ನಲ್ ಇಲ್ಲ, ಬ್ಯಾಟರಿಯೂ ಉಳಿಯುವುದಿಲ್ಲ. ಎಂಕ್ಯೂಟಿಟಿ (ದುರ್ಬಲ ಸಂಪರ್ಕದಲ್ಲೂ ಸಂದೇಶ ಹಂಚುವ ಹಗುರವಾದ ವಿಧಾನ) ಹಾಕಿದರೆ ಸಾಕೇ?

ಉತ್ತರ: ಹತ್ತು ಸೆಕೆಂಡಿಗೊಮ್ಮೆ ‘ದರ ಬಂತೇ, ದರ ಬಂತೇ’ ಎಂದು ಕೇಳಿಸಿದರೆ ಯಾವ ಫೋನ್ ತಾನೇ ತಾಳುತ್ತದೆ ಮಾರಾಯರೇ! 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಕ್ಯೂಟಿಟಿ ರೂಪಿಸಿದ್ದೇ ತೈಲದ ಕೊಳವೆ ಮಾರ್ಗಗಳ ಮಾಹಿತಿಯನ್ನು ದುಬಾರಿ ಉಪಗ್ರಹ ಸಂಪರ್ಕದಲ್ಲಿ ತರಿಸಲು. ಕಳುಹಿಸುವವರು ಒಂದು ವಿಷಯದ ಹೆಸರಿಗೆ ಸಂದೇಶ ಹಾಕುತ್ತಾರೆ. ಆ ವಿಷಯಕ್ಕೆ ಚಂದಾದಾರರಾದವರಿಗೆ ಬ್ರೋಕರ್ ಎಂಬ ನಡುವಿನ ಸರ್ವರ್ ಅದನ್ನು ಹಂಚುತ್ತದೆ. ಬಂದರಿನ ದಲ್ಲಾಳಿಯಂತೆಯೇ, ಕಮಿಷನ್ ಮಾತ್ರ ಕೇಳುವುದಿಲ್ಲ.

ಆದರೆ ನಿಮ್ಮ ಎರಡು ಸಂದೇಶಗಳ ಸ್ವಭಾವ ಬೇರೆ. ಬೆಳಗಿನ ದರ ಮಧ್ಯಾಹ್ನ ತಲುಪಿದರೆ ಉಪಕಾರಕ್ಕಿಂತ ನಷ್ಟವೇ ಹೆಚ್ಚು. ಅದನ್ನು ‘ರಿಟೇನ್’ ಮಾಡಿ, ಅಂದರೆ ಕೊನೆಯದನ್ನು ಬ್ರೋಕರ್ ಇಟ್ಟುಕೊಳ್ಳಲಿ. ಸಂಪರ್ಕ ಸಿಕ್ಕು ಮತ್ತೆ ಚಂದಾದಾರರಾದ ಕೂಡಲೇ ಕೊನೆಯ ದರವೊಂದೇ ಸಿಗುತ್ತದೆ. ಎಂಕ್ಯೂಟಿಟಿಯ 5ನೇ ಆವೃತ್ತಿಯಾದರೆ ಅದಕ್ಕೆ ಅವಧಿಯನ್ನೂ ಕಟ್ಟಬಹುದು. ಐಸ್ ಬೇಡಿಕೆ ಹಾಗಲ್ಲ, ಕಳೆದುಹೋಗಲೇಬಾರದು. ಅದಕ್ಕೆ ಕ್ಯೂಓಎಸ್ 1 ಇರಲಿ, ಅಂದರೆ ತಲುಪಿತೆಂಬ ಉತ್ತರ ಬಾರದಿದ್ದರೆ ಮತ್ತೆ ಕಳುಹಿಸುವ ಮಟ್ಟ. ಅದರಲ್ಲಿ ಸಂದೇಶ ಎರಡು ಸಲ ಬರಬಹುದು, ಹಾಗಾಗಿ ಪ್ರತಿ ಬೇಡಿಕೆಗೂ ಒಂದು ಸಂಖ್ಯೆ ಕೊಟ್ಟು, ಬಂದದ್ದೇ ಮತ್ತೆ ಬಂದರೆ ಬಿಟ್ಟುಬಿಡಿ. ಹಿಂದೊಮ್ಮೆ ನಾನು ಇದನ್ನು ಮರೆತು ಒಂದೇ ಬೋಟಿಗೆ ಎರಡು ಲೋಡ್ ಐಸ್ ಇಳಿಸಿದ್ದೆ. ಮಾಲೀಕರ ಮುಖ ಈಗಲೂ ಕಣ್ಣಮುಂದಿದೆ.

ಪ್ರಶ್ನೆ: ಪರೀಕ್ಷೆಗೆ ಕ್ಯೂಓಎಸ್ 1 ಹಾಕಿ, ‘ಕ್ಲೀನ್ ಸೆಷನ್’ (ಪ್ರತಿ ಸಲ ಹಳೆಯದನ್ನು ಮರೆತು ಹೊಸದಾಗಿ ಶುರು ಮಾಡುವುದು) ತೆಗೆದಿದ್ದೆವು. ಆದರೂ ಐಸ್ ಘಟಕದ ಫೋನ್ ಆಫ್ ಇದ್ದಾಗಿನ ಬೇಡಿಕೆಗಳು ಆಮೇಲೆ ಬರಲಿಲ್ಲ.

ಉತ್ತರ: ಆ ಫೋನಿನ ಕ್ಲೈಂಟ್ ಐಡಿ, ಅಂದರೆ ಬ್ರೋಕರ್ ಅದನ್ನು ಗುರುತಿಸುವ ಹೆಸರು, ಪ್ರತಿ ಸಲ ಹೊಸದಾಗಿ ಹುಟ್ಟುತ್ತಿದೆಯೇ? ಹಾಗಿದ್ದರೆ ಬ್ರೋಕರ್‌ಗೆ ಅದು ಹೊಸಬನೇ, ಹಳೆಯವನ ಗಂಟು ಅಲ್ಲೇ ಬಿದ್ದಿರುತ್ತದೆ. ಚಂದಾದಾರಿಕೆಯ ಕ್ಯೂಓಎಸ್ ಕೂಡ 1 ಇದೆಯೇ ನೋಡಿ. ಅದು 0 (ಒಮ್ಮೆ ಕಳುಹಿಸಿ ಮರೆತುಬಿಡುವುದು) ಇದ್ದರೆ ಕಳುಹಿಸಿದವರು 1 ಹಾಕಿಯೂ ಪ್ರಯೋಜನವಿಲ್ಲ.

ಪ್ರಶ್ನೆ: ಐಡಿಯೇ ಸರ್! ಆ್ಯಪ್ ತೆರೆದಾಗಲೆಲ್ಲ ಬದಲಾಗುತ್ತಿತ್ತು. ಆದರೆ ಮೇಜಿನ ಮೇಲೆ ಸುಮ್ಮನೆ ಬಿದ್ದ ಫೋನಿಗೆ ತಡವಾಗಿ ಬರುತ್ತದೆ.

ಉತ್ತರ: ಅದು ಆಂಡ್ರಾಯ್ಡ್ 6ರಿಂದ ಬಂದ ಡೋಜ್‌ನ ಕೆಲಸ, ಬ್ಯಾಟರಿ ಉಳಿಸಲು ಸುಮ್ಮನಿರುವ ಫೋನನ್ನು ಅದು ನಿದ್ದೆಗೆ ಹಾಕುತ್ತದೆ. ದಡದ ಫೋನುಗಳನ್ನು ಎಬ್ಬಿಸಲು ಗೂಗಲ್‌ನ ಪುಶ್ ಸೇವೆ ಬಳಸಿ.

ಪ್ರಶ್ನೆ (ಬೋಟ್ ಮಾಲೀಕರೊಬ್ಬರು): ಸಂಪರ್ಕ ಕಡಿದರೆ ಬ್ರೋಕರ್ ತಾನೇ ತಿಳಿಸುತ್ತದಂತೆ. ಬೋಟಿಗೆ ಅಪಾಯವಾದರೆ ಗೊತ್ತಾಗುತ್ತದೆಯೇ?

ಉತ್ತರ: ಇಲ್ಲ ಅಣ್ಣ. ‘ಲಾಸ್ಟ್ ವಿಲ್’ ಎಂಬ ಸೌಲಭ್ಯವಿದೆ. ಕೀಪ್ ಅಲೈವ್ ಅವಧಿಯ (ಅಷ್ಟರೊಳಗೆ ಫೋನ್ ‘ಇದ್ದೇನೆ’ ಎನ್ನಬೇಕು) ಒಂದೂವರೆ ಪಟ್ಟು ಕಾದರೂ ಸದ್ದಿಲ್ಲದಿದ್ದರೆ, ಫೋನ್ ಮೊದಲೇ ಕೊಟ್ಟಿಟ್ಟ ಸಂದೇಶವನ್ನು ಬ್ರೋಕರ್ ಸಾರುತ್ತದೆ. ಆದರೆ ಸಿಗ್ನಲ್ ದಾಟಿ ಹೋದ ಬೋಟುಗಳೆಲ್ಲವೂ ಹಾಗೇ ಕಾಣುತ್ತವೆ. ಅಪಾಯಕ್ಕೆ ನಿಮ್ಮ ವಿಎಚ್‌ಎಫ್ ರೇಡಿಯೋ ಸೆಟ್ ಇರಲಿ, ಇವರ ಆ್ಯಪ್ ದರ ನೋಡಲಿಕ್ಕೆ.