ಸಹಾಯ ಬೇಕು: ರಾಯಚೂರು ಕಡೆ ಯಾರ ಹತ್ರ ಆದ್ರೂ ಬಿಳಿ ಪ್ಯಾನೆಲ್ ಇದೆಯಾ?

ಎಲ್ಲರಿಗೂ ನಮಸ್ಕಾರ. ಸಿಂಧನೂರು ಹತ್ತಿರ ನಮ್ಮ ಎರೆಹೊಲದಿಂದ ಬಿಸಿಲು ಎಷ್ಟು ವಾಪಸ್ ಹೋಗುತ್ತದೆ ಅಂತ ಅಳೆದು, ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಅಂಕಿ ಜೊತೆ ಹೋಲಿಸುತ್ತಿದ್ದೇನೆ. ಅದು 16 ದಿನಕ್ಕೊಮ್ಮೆ ಬರುತ್ತದೆ, ಬೆಳಿಗ್ಗೆ ಹತ್ತೂವರೆ ಸುಮಾರಿಗೆ. ತೊಂದರೆ ಏನಂದ್ರೆ, ನನ್ನ ಬಿಳಿ ಪ್ಯಾನೆಲ್ (ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕಳಿಸುವ ಹಲಗೆ, ಹೊಲವನ್ನು ಇದರ ಜೊತೆ ಹೋಲಿಸಿ ಅಳೆಯುವುದು) ಮೇಲೆ ಹೆಬ್ಬೆರಳಿನ ಗುರುತು ಬಿದ್ದು ಹಳದಿಯಾಗಿದೆ, ಅದನ್ನೇ ಅಳತೆಗೋಲು ಮಾಡಿಕೊಂಡರೆ ಹೊಲ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಉಪಗ್ರಹದಲ್ಲೂ ಇದೇ ಕಷ್ಟ ಅಲ್ವಾ, ಅದರೊಳಗಿನ ಇಂಥದ್ದೇ ಬಿಳಿ ಫಲಕ ಬಿಸಿಲಿಗೆ ಮಾಸುತ್ತದೆ ಅಂತಲೇ ಇನ್ನೊಂದನ್ನು ಅಪರೂಪಕ್ಕೆ ಮಾತ್ರ ಬಳಸಿ ಜೋಪಾನ ಮಾಡುತ್ತಾರೆ, ಹುಣ್ಣಿಮೆ ಆಸುಪಾಸು ಚಂದ್ರನನ್ನೂ ನೋಡಿ ತಾಳೆ ಹಾಕುತ್ತಾರೆ. ನನ್ನ ಹತ್ತಿರ ಇರುವುದು ಒಂದೇ. ಗದ್ದೆಗೆ ನೀರು ಬಿಡುವ ಮೊದಲು ಒಂದು ದಿನಕ್ಕೆ ಕೊಟ್ಟರೆ ಸಾಕು, ನಾನೇ ಬಂದು ಒಯ್ದು ವಾಪಸ್ ತಂದುಕೊಡುತ್ತೇನೆ.